ಒಗೆಯುವ ಮುಂಚೆ ಒಂದು ಫೋನ್ ಮಾಡಿ

ಹೋದ ತಿಂಗಳು ಹಲಸೂರು ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಅವನ ತಾತನ ಫುಟ್‌ಬಾಲ್ ಜೆರ್ಸಿ. ತಾತ 60ರ ದಶಕದಲ್ಲಿ ಇಲ್ಲಿನ ಒಂದು ಕಾರ್ಖಾನೆಯ ತಂಡಕ್ಕೆ ಆಡಿದವರು. ಕವರ್ ಬಿಚ್ಚಿದ ಕೂಡಲೇ ಮಲ್ಲಿಗೆ ಘಮ ಬಂತು. ಗರಿಗರಿ ಇಸ್ತ್ರಿ ಬೇರೆ. "ಕೊಳಕು ಬಟ್ಟೆ ಹೇಗೆ ಮೇಡಂ ನಿಮ್ಮ ಕೈಗೆ ಕೊಡೋದು? ಅದಕ್ಕೇ ಅಮ್ಮ ಎರಡು ಸಲ ಒಗೆದು ಕೊಟ್ರು" ಅಂದ. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ತಾತ ಕೊನೆಯ ಪಂದ್ಯ ಆಡಿ ಬಂದು ಟ್ರಂಕಿನಲ್ಲಿಟ್ಟ ಜೆರ್ಸಿ ಅದು. ಐವತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ನನ್ನ ಹತ್ತಿರ ತರುವ ಹಿಂದಿನ ದಿನ ಒಗೆದಿದ್ದಾರೆ.

ಇದು ಮೊದಲನೇ ಸಲವಲ್ಲ. ನಾನು ಹಳೆಯ ಬಟ್ಟೆಗಳ ಸಂರಕ್ಷಣೆ ಮಾಡುವವಳು. ಮೊದಲೆಲ್ಲ ನನ್ನ ಮೇಜಿಗೆ ಬರುತ್ತಿದ್ದುದು ಅಜ್ಜಿಯ ರೇಷ್ಮೆ ಸೀರೆ, ಜರಿ ಶಾಲು, ಪೇಟ. ಕಳೆದ ಏಳೆಂಟು ವರ್ಷಗಳಿಂದ ಆಟದ ಜೆರ್ಸಿಗಳು ಜಾಸ್ತಿ. ವೈಟ್‌ಫೀಲ್ಡ್, ಎಚ್‌ಎಸ್‌ಆರ್ ಲೇಔಟ್ ಕಡೆಯ ಹುಡುಗರು ಆನ್‌ಲೈನ್ ಹರಾಜಿನಲ್ಲಿ ಕೊಂಡದ್ದನ್ನು ತರುತ್ತಾರೆ. ಆಸ್ಟಿನ್ ಟೌನ್, ಗೌತಮಪುರದ ಮನೆಗಳವರು ಅಪ್ಪನದು, ಮಾವನದು ಅಂತ ತರುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಇಬ್ಬರೂ ಕೇಳುವುದಿಲ್ಲ.

ಒಗೆಯಬೇಡಿ. ಯಾರಾದರೂ ತಿಳಿದವರು ನೋಡಿ, ಫೋಟೋ ತೆಗೆದು, ಬರೆದಿಟ್ಟುಕೊಳ್ಳುವವರೆಗೂ ಒಗೆಯಬೇಡಿ.

ಜನ ಟ್ರಂಕ್ ತೆಗೆಯುವುದು ಪೇಪರಿನಲ್ಲಿ ದೊಡ್ಡ ಮೊತ್ತ ಓದಿದಾಗ. 2002ರಲ್ಲಿ ಪೆಲೆ 1970ರ ವಿಶ್ವಕಪ್ ಫೈನಲ್‌ನಲ್ಲಿ ತೊಟ್ಟ ಜೆರ್ಸಿ ಲಂಡನ್ನಿನ ಹರಾಜಿನಲ್ಲಿ 1,57,750 ಪೌಂಡಿಗೆ ಹೋಯಿತು. ಆಗ ಅದೇ ದೊಡ್ಡ ಸುದ್ದಿ. 2022ರ ಮೇ ತಿಂಗಳಲ್ಲಿ ಮರಡೋನಾ 1986ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮೇಲೆ ಆಡಿದಾಗ ತೊಟ್ಟಿದ್ದ ನೀಲಿ ಜೆರ್ಸಿ 71 ಲಕ್ಷ ಪೌಂಡ್ ದಾಟಿತು. ಆಗಿನ ಲೆಕ್ಕದಲ್ಲಿ 70 ಕೋಟಿ ರೂಪಾಯಿಯ ಹತ್ತಿರ. ಮರುವರ್ಷ ಡಿಸೆಂಬರ್‌ನಲ್ಲಿ ಮೆಸ್ಸಿ 2022ರ ವಿಶ್ವಕಪ್‌ನಲ್ಲಿ ತೊಟ್ಟ ಆರು ಜೆರ್ಸಿ ಸೇರಿ 78 ಲಕ್ಷ ಡಾಲರಿಗೆ ಹೋದವು. ಇಂಥ ಸುದ್ದಿ ಬಂದ ವಾರ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಎಲ್ಲರ ಮನೆಯ ಜೆರ್ಸಿಗೂ ಅಂಥ ಬೆಲೆ ಬರುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಬೆಲೆ ಹತ್ತು ಸಾವಿರವಿರಲಿ, ಹತ್ತು ಕೋಟಿಯಿರಲಿ, ಪರೀಕ್ಷೆ ಮಾಡುವ ಕ್ರಮ ಒಂದೇ.

ಮರಡೋನಾ ಜೆರ್ಸಿಯ ಕಥೆ ನೋಡಿ. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಅದನ್ನು ಬದಲಾಯಿಸಿಕೊಂಡಿದ್ದರು. ಹರಾಜಿಗೆ ಬಂದಾಗ ಮರಡೋನಾ ಮನೆಯವರೇ ತಕರಾರು ತೆಗೆದರು. ಇದು ಮೊದಲ ಅರ್ಧದಲ್ಲಿ ತೊಟ್ಟದ್ದು, ಗೋಲು ಹೊಡೆದದ್ದು ಎರಡನೇ ಅರ್ಧದಲ್ಲಿ, ಆ ಜೆರ್ಸಿ ಬೇರೆ ಅಂದರು. ಕೊನೆಗೆ ಪಂದ್ಯದ ಫೋಟೋಗಳ ಜೊತೆ ಬಟ್ಟೆಯನ್ನು ಇಟ್ಟು ನೋಡಿ ತೀರ್ಮಾನ ಮಾಡಿದರು. ಆ ಜೆರ್ಸಿಗಳು ತಂಡದ ಮಾಮೂಲಿ ಕಿಟ್ ಅಲ್ಲ. ಮೆಕ್ಸಿಕೋ ಸೆಕೆಗೆ ಮೊದಲಿನ ನೀಲಿ ಬಟ್ಟೆ ತಡೆಯುವುದಿಲ್ಲ ಅಂತ ಅಲ್ಲಿನದೇ ಅಂಗಡಿಯಲ್ಲಿ ಹಗುರದ್ದು ಕೊಂಡು, ಬ್ಯಾಡ್ಜನ್ನೂ ಬೆಳ್ಳಿ ಬಣ್ಣದ ನಂಬರನ್ನೂ ಅವಸರದಲ್ಲಿ ಕೂರಿಸಿದ್ದರು. ಅವಸರದ ಕೆಲಸದಲ್ಲಿ ಒಂದು ಇದ್ದಂತೆ ಇನ್ನೊಂದು ಇರುವುದಿಲ್ಲ. ಬ್ಯಾಡ್ಜ್ ಒಂದರಲ್ಲಿ ಕೂದಲೆಳೆಯಷ್ಟು ವಾಲಿರುತ್ತದೆ, ಪಟ್ಟೆ ಹೊಲಿಗೆಯ ಹತ್ತಿರ ಸೇರುವ ಜಾಗ ಬೇರೆಯಾಗಿರುತ್ತದೆ. ಆ ವ್ಯತ್ಯಾಸಗಳೇ ಸಾಕ್ಷಿ ಹೇಳಿದವು.

ನಮ್ಮ ಹಳೆಯ ತಂಡಗಳ ಜೆರ್ಸಿಯಲ್ಲೂ ಹಾಗೇ. ಆಗ ನಂಬರ್ ಅಂದರೆ ಬೇರೆ ಬಟ್ಟೆ ಕತ್ತರಿಸಿ ಹೊಲಿದದ್ದು. ಜೆರ್ಸಿಯ ಬಟ್ಟೆ ಒಂದು ಥರ ಕುಗ್ಗುತ್ತದೆ, ನಂಬರಿನ ಬಟ್ಟೆ ಇನ್ನೊಂದು ಥರ. ವರ್ಷಗಳು ಕಳೆದಂತೆ ನಂಬರಿನ ಸುತ್ತ ನಿರಿಗೆ ಬೀಳುತ್ತದೆ. ತಂಡದ ಗ್ರೂಪ್ ಫೋಟೋ ಇದ್ದರೆ ಆ ನಿರಿಗೆಯನ್ನು ಅದರ ಪಕ್ಕ ಇಟ್ಟು ನೋಡಬಹುದು. ನೀವು ಬಿಸಿ ಇಸ್ತ್ರಿ ಹಾಕಿ ಚಪ್ಪಟೆ ಮಾಡಿದಿರೋ, ನೋಡಲು ಅಲ್ಲಿ ಏನೂ ಉಳಿಯುವುದಿಲ್ಲ.

ಆದರೆ ನನ್ನ ಸಂಕಟ ಇಸ್ತ್ರಿಗಿಂತ ಸೋಪಿನದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು.

ಅಂಗಡಿಯಿಂದ ಬಂದ ಜೆರ್ಸಿಗೂ ಪಂದ್ಯ ಆಡಿದ ಜೆರ್ಸಿಗೂ ಏನು ವ್ಯತ್ಯಾಸ? ಬಟ್ಟೆ ಒಂದೇ, ಹೆಸರು ಒಂದೇ, ನಂಬರ್ ಒಂದೇ. ಈಗಂತೂ ಆಟಗಾರರಿಗೆ ಕೊಡುವಂಥದೇ ಬಟ್ಟೆ 'ಪ್ಲೇಯರ್ ವರ್ಷನ್' ಅಂತ ಅಂಗಡಿಯಲ್ಲೂ ಸಿಗುತ್ತದೆ. ಕ್ಲಬ್‌ನವರು ಒಬ್ಬ ಆಟಗಾರನಿಗೆ ಒಂದು ಪಂದ್ಯಕ್ಕೆ ಎರಡು ಜೆರ್ಸಿ ತಯಾರು ಮಾಡಿಡುವುದೂ ಉಂಟು. ಒಂದು ಮೈಮೇಲೆ ಹೋಗುತ್ತದೆ, ಇನ್ನೊಂದು ಬ್ಯಾಗಿನಲ್ಲೇ ಉಳಿಯುತ್ತದೆ. ಆ ಎರಡನೆಯದನ್ನು 'ಮ್ಯಾಚ್ ಇಶ್ಯೂಡ್' ಅನ್ನುತ್ತಾರೆ, ತೊಟ್ಟು ಆಡಿದ್ದನ್ನು 'ಮ್ಯಾಚ್ ವೋರ್ನ್' ಅನ್ನುತ್ತಾರೆ. ಬೆಲೆಯಲ್ಲಿ ಅಜಗಜಾಂತರ. ಇವೆರಡರ ನಡುವೆ ಇರುವುದು ಬರೀ ತೊಂಬತ್ತು ನಿಮಿಷ. ಆ ತೊಂಬತ್ತು ನಿಮಿಷ ಬಟ್ಟೆಯ ಮೇಲೆ ಉಳಿಯುವುದು ಬಹಳ ಮಟ್ಟಿಗೆ ಕೊಳೆಯಾಗಿಯೇ. ಮೊಣಕೈ ಹತ್ತಿರ ಹುಲ್ಲಿನ ಹಸಿರು, ಸೊಂಟದ ಹತ್ತಿರ ಮಣ್ಣು, ಕತ್ತಿನ ಪಟ್ಟಿಯಲ್ಲಿ ಬೆವರಿನ ಉಪ್ಪು. ಎಲ್ಲೋ ಒಂದು ಕಡೆ ಯಾರದೋ ಬೂಟಿನ ಮೊಳೆ ತಾಗಿ ಎದ್ದ ದಾರ. ದಾರ ಒಗೆದರೂ ಇರುತ್ತದೆ. ಉಳಿದದ್ದು ಬಕೆಟ್ಟಿಗೆ ಹೋಗುತ್ತದೆ.

ಕೊಳೆ ಎಷ್ಟು ಮಾತಾಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಒಬ್ಬರು ಬೆಂಗಳೂರು ಎಫ್‌ಸಿಯ ಮೊದಲ ಸೀಸನ್ನಿನ ಜೆರ್ಸಿ ಅಂತ ತಂದರು. 2013-14, ತಂಡ ಹುಟ್ಟಿದ ವರ್ಷವೇ ಆಗಿನ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐ-ಲೀಗ್ ಗೆದ್ದ ಸೀಸನ್. ಆ ನೆನಪಿಗೆ ಈ ಊರಿನಲ್ಲಿ ಬೆಲೆ ಇದೆ. ಮಾರಿದವನು ಅದು ಬೆಂಗಳೂರಿನಲ್ಲೇ ಆಡಿದ ಪಂದ್ಯದ್ದು ಅಂದಿದ್ದ. ಎರಡೂ ಮೊಣಕೈ ಹತ್ತಿರ ಚೆಂದದ ಹುಲ್ಲಿನ ಕಲೆ. ಆದರೆ ಆ ಸೀಸನ್ನಿನಲ್ಲಿ ತಂಡ ಇಲ್ಲಿ ಆಡಿದ್ದು ಕಂಠೀರವದಲ್ಲಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿದ್ದದ್ದು ಕೃತಕ ಹುಲ್ಲು. ಕೃತಕ ಹುಲ್ಲಿನ ಮೇಲೆ ಜಾರಿದರೆ ಹಸಿರು ಅಂಟುವುದಿಲ್ಲ. ಪಾಲಿಯೆಸ್ಟರ್ ಉಜ್ಜಿ ಹೊಳಪಾಗುತ್ತದೆ, ಹೊಲಿಗೆಯ ಸಂದಿಯಲ್ಲಿ ಕಪ್ಪು ರಬ್ಬರಿನ ಹರಳು ಸಿಗುವುದುಂಟು. ಆ ಜೆರ್ಸಿ ಹೊರಗಿನ ಊರಿನ ಪಂದ್ಯದ್ದೂ ಆಗಿರಬಹುದು, ನಾನು ಅದನ್ನು ತಳ್ಳಿಹಾಕಲಿಲ್ಲ. ಮಾರಿದವನು ಹೇಳಿದ ಕಥೆಗೂ ಬಟ್ಟೆ ಹೇಳುವುದಕ್ಕೂ ತಾಳೆ ಆಗುತ್ತಿಲ್ಲ ಅಂತ ಮಾತ್ರ ಬರೆದುಕೊಟ್ಟೆ. ಅಷ್ಟರಿಂದಲೇ ಅವರ ದುಡ್ಡು ಉಳಿಯಿತು. ಅದನ್ನು ಯಾರಾದರೂ ಒಗೆದು ತಂದಿದ್ದರೆ ನಾನು ಅಷ್ಟನ್ನೂ ಹೇಳಲು ಆಗುತ್ತಿರಲಿಲ್ಲ.

ಇನ್ನು ಹಳೆಯ ಹತ್ತಿ ಜೆರ್ಸಿಗಳು. ಇವುಗಳಲ್ಲಿ ಸೋಪು ಮಾಡುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಈಗಿನ ಸೋಪಿನ ಪುಡಿಗಳಲ್ಲಿ ಬಿಳುಪು ಕಾಣಿಸುವುದಕ್ಕೇ ಅಂತ ಒಂದು ವಸ್ತು ಸೇರಿಸಿರುತ್ತಾರೆ. ಅದು ಕೊಳೆ ತೆಗೆಯುವುದಿಲ್ಲ. ಹತ್ತಿಯ ಎಳೆಗೆ ಅಂಟಿಕೊಂಡು, ನಮಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ, ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಬ್ಯಾಂಕಿನಲ್ಲಿ ನೋಟು ನೋಡುವ ನೀಲಿ ದೀಪ ಇರುತ್ತದಲ್ಲ, ಅಂಥದರ ಕೆಳಗೆ ನಿಮ್ಮ ಬಿಳಿ ಬನಿಯನ್ ಹಿಡಿದು ನೋಡಿ, ಫಳಫಳ ಅನ್ನುತ್ತದೆ. 60ರ ದಶಕದ ಜೆರ್ಸಿ ಅಂತ ಬಂದದ್ದನ್ನು ನಾನು ಮೊದಲು ಹಿಡಿಯುವುದು ಆ ದೀಪದ ಕೆಳಗೆ. ಈಗಿನ ದಾರಕ್ಕೆ ತಯಾರಿಸುವಾಗಲೇ ಆ ವಸ್ತು ಹಾಕಿರುವುದುಂಟು. ಬಟ್ಟೆ ಮಂಕಾಗಿದ್ದು ನಂಬರಿನ ದಾರ ಮಾತ್ರ ಹೊಳೆದರೆ, ಆ ನಂಬರ್ ಆಮೇಲೆ ಹೊಲಿದದ್ದೇ ಅಂತ ಅನುಮಾನ ಬರುತ್ತದೆ. ಇದೊಂದರ ಮೇಲೆ ತೀರ್ಪು ಕೊಡುವುದಿಲ್ಲ, ಆದರೆ ಒಳ್ಳೆಯ ಸುಳಿವು. ನೀವು ನಿನ್ನೆ ರಾತ್ರಿ ಸೋಪಿನ ಪುಡಿಯಲ್ಲಿ ನೆನೆಹಾಕಿದರೆ ಬಟ್ಟೆ, ದಾರ, ನಂಬರ್ ಎಲ್ಲವೂ ಒಟ್ಟಿಗೆ ಹೊಳೆಯುತ್ತವೆ. ನಿಜವಾದ ಹಳೆಯ ಜೆರ್ಸಿಯೂ ಹೊಳೆಯುತ್ತದೆ, ಹೋದ ವರ್ಷ ಹೊಲಿದ ನಕಲಿಯೂ ಹೊಳೆಯುತ್ತದೆ. ಎರಡರಲ್ಲಿ ಯಾವುದು ಅಂತ ನಾನು ಹೇಗೆ ಹೇಳಲಿ? ನಿಮ್ಮ ತಾತನ ಜೆರ್ಸಿಯನ್ನು ನೀವೇ ನಕಲಿಯ ಪಕ್ಕ ನಿಲ್ಲಿಸಿದಂತಾಯಿತು.

"ಆಗಲೂ ಪಂದ್ಯ ಆದ ಮೇಲೆ ಒಗೀತಿದ್ರಲ್ಲ ಮೇಡಂ, ಇನ್ನೊಂದು ಸಲ ಒಗೆದ್ರೆ ಏನಾಯ್ತು?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೌದು, ಒಗೆಯುತ್ತಿದ್ದರು. ಇದ್ದ ಒಂದೆರಡು ಸೆಟ್ಟನ್ನೇ ಸೀಸನ್ ಪೂರ್ತಿ ಆಡಬೇಕಿತ್ತು. ಆದರೆ ಆಗಿನ ಒಗೆತವೂ ಜೆರ್ಸಿಯ ಬದುಕಿನ ಭಾಗ. ಅದೂ ಗುರುತು ಬಿಟ್ಟಿರುತ್ತದೆ. ಕಾಲರಿನ ಒಳಗೆ ಅಗಸರು ಕರಿಗೇರಿನ ರಸದಲ್ಲಿ ಹಾಕಿದ ಚಿಕ್ಕ ಚುಕ್ಕೆ, ಗೀಟು ನೋಡಿದ್ದೀರಾ? ಯಾರ ಮನೆಯ ಬಟ್ಟೆ ಅಂತ ತಿಳಿಯಲು ಹಾಕುತ್ತಿದ್ದ ಗುರುತು. ಒಂದೇ ತಂಡದ ಎರಡು ಜೆರ್ಸಿ ಬೇರೆ ಬೇರೆ ಮನೆಯಿಂದ ಬಂದು, ಎರಡರಲ್ಲೂ ಅದೇ ಗುರುತು ಕಂಡ ದಿನ ನಾನು ಸಂಜೆಯವರೆಗೂ ಬೇರೆ ಕೆಲಸ ಮಾಡಲಿಲ್ಲ. ಬಾರ್ ಸೋಪು, ಕಲ್ಲು, ಬಿಸಿಲು ಕಂಡ ಬಟ್ಟೆ ಬೇರೆ ಥರ ಸವೆಯುತ್ತದೆ. ಈಗಿನ ಮೆಷಿನ್ ಆ ಸವೆತದ ಮೇಲೆ ತನ್ನ ಸವೆತವನ್ನು ಸೇರಿಸುತ್ತದೆ.

ಹಾಗಂತ ಯಾವತ್ತೂ ಒಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಇದನ್ನು ತಪ್ಪು ತಿಳಿಯಬೇಡಿ. ಬೆವರು ಹತ್ತಿಗೆ ಒಳ್ಳೆಯದಲ್ಲ, ವರ್ಷಗಳು ಕಳೆದರೆ ಹಳದಿಯಾಗಿಸಿ ಎಳೆಯನ್ನು ಬಡಕಲು ಮಾಡುತ್ತದೆ. ಬೂಷ್ಟು ಬಂದ ಬಟ್ಟೆಯನ್ನು ಹಾಗೇ ಬಿಟ್ಟರೆ ಪಕ್ಕದ ಬಟ್ಟೆಗೂ ಹರಡುತ್ತದೆ. ಕೆಲವನ್ನು ನಾನೇ ತೊಳೆದಿದ್ದೇನೆ. ಆದರೆ ಮೊದಲು ಇಂಚಿಂಚೂ ಫೋಟೋ ತೆಗೆದು, ಮಣ್ಣಿನ ಚೂರನ್ನು ಬೇರೆ ತೆಗೆದಿಟ್ಟು, ಬಣ್ಣ ಬಿಡುತ್ತದೆಯೇ ಅಂತ ಒಂದು ಮೂಲೆಯಲ್ಲಿ ನೋಡಿ, ಆಮೇಲೆ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಅದು ಎಳೆಯೊಳಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಇದೆಲ್ಲ ಬಟ್ಟೆ ನೋಡಿ ಮಾಡುವ ತೀರ್ಮಾನ, ಫೋನಿನಲ್ಲಿ ಹೇಳುವಂಥದಲ್ಲ. ಅಲ್ಲಿಯವರೆಗೆ ಹಳೆಯ ಶುಭ್ರ ಬಿಳಿ ಪಂಚೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ನುಸಿಗುಳಿಗೆ ಬೇಡ, ಹ್ಯಾಂಗರ್ ಬೇಡ.

ಸಹಿಯ ಬಗ್ಗೆ, ಸರ್ಟಿಫಿಕೇಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಹಿ ಇದ್ದರೆ ಸಹಿ ಹಾಕಿದ್ದಾರೆ ಅಂತ, ತೊಟ್ಟಿದ್ದಾರೆ ಅಂತಲ್ಲ. ಕಾಗದ ಬರೆದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿ. ಡಿಎನ್‌ಎ ಪರೀಕ್ಷೆ ಮಾಡಿಸಿ ಅನ್ನುವವರಿಗೆ ಒಂದೇ ಮಾತು: ಹೋಲಿಸಿ ನೋಡಲು ಆ ಆಟಗಾರರ ಮಾದರಿ ಎಲ್ಲಿಂದ ತರುತ್ತೀರಿ? ಇನ್ನು 1986ರ ಅರ್ಜೆಂಟೀನಾ ಜೆರ್ಸಿಯ ಬೆನ್ನ ಮೇಲೆ ಮರಡೋನಾ ಹೆಸರು ಇದ್ದರೆ ನನ್ನ ಹತ್ತಿರ ತರುವುದೇ ಬೇಡ. ವಿಶ್ವಕಪ್‌ನಲ್ಲಿ ಬೆನ್ನ ಮೇಲೆ ಹೆಸರು ಬಂದದ್ದು 1994ರಲ್ಲಿ. ನಮ್ಮ ಕಡೆಯದೂ ಒಂದಿದೆ. ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ನಮ್ಮವರು 1967-68 ಮತ್ತು 1968-69ರಲ್ಲಿ ಸಾಲಾಗಿ ಗೆದ್ದಾಗ ತಂಡದ ಹೆಸರು ಮೈಸೂರು. ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಎದೆಯ ಮೇಲೆ ಕರ್ನಾಟಕ ಅಂತ ಹೊಲಿದ '1969ರ ಜೆರ್ಸಿ' ಹಿಡಿದು ಒಬ್ಬರು ಪಾಪ ತುಮಕೂರಿನಿಂದ ಬಂದಿದ್ದರು. ಅವರಿಗೆ ಹೇಳುವಾಗ ನನಗೇ ಕಷ್ಟವಾಯಿತು.

ಆ ಎರಡು ಗೆಲುವಿನ ನಂತರ ನಾವು ಮತ್ತೆ ಸಂತೋಷ್ ಟ್ರೋಫಿ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2ರಿಂದ. ನಡುವೆ 54 ವರ್ಷ. ಅಷ್ಟು ವರ್ಷ ಈ ಊರಿನ ಮೈದಾನಗಳ ಕೆಂಪು ಮಣ್ಣಿನಲ್ಲಿ ಆಡಿದವರ ಬಟ್ಟೆಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟೇ ನಮ್ಮ ಹತ್ತಿರ ಇರುವುದು. ಅವರನ್ನು ಯಾರೂ ವಿಡಿಯೋ ಮಾಡಲಿಲ್ಲ. ಪೇಪರಿನಲ್ಲಿ ಎರಡು ಸಾಲು ಬಂದರೆ ಜಾಸ್ತಿ. ನನಗೆ ಹರಾಜಿನ ದುಡ್ಡಿಗಿಂತ ಇದರ ಚಿಂತೆಯೇ ದೊಡ್ಡದು.

ಹಲಸೂರಿನ ಹುಡುಗನಿಗೆ ನಾನು ಬೈಯಲಿಲ್ಲ. ಬೈಯುವುದು ಹೇಗೆ? ನಮ್ಮ ಮನೆಗಳಲ್ಲಿ ಯಾರ ಬಟ್ಟೆಯನ್ನಾದರೂ ಇನ್ನೊಬ್ಬರ ಕೈಗೆ ಕೊಡುವಾಗ ಒಗೆದು ಮಡಿಸಿ ಕೊಡುವುದೇ ಮರ್ಯಾದೆ. ಆ ತಾಯಿ ಮಾವನ ಬಟ್ಟೆಗೆ ಅದೇ ಮರ್ಯಾದೆ ಮಾಡಿದ್ದಾರೆ. ಮರುದಿನ ಅವರೇ ಫೋನ್ ಮಾಡಿದರು. "ನಾನೇ ಹಾಳು ಮಾಡಿಬಿಟ್ಟೆನಾ ಅಮ್ಮಾ?" ಅಂತ ಕೇಳಿದರು. ಕಾಲರಿನಲ್ಲಿ ಅಗಸರ ಗುರುತು ಹಾಗೇ ಇದೆ, ಹೊಲಿಗೆ ಆ ಕಾಲದ್ದೇ ಅನ್ನಿಸುತ್ತದೆ, ಗ್ರೂಪ್ ಫೋಟೋ ಸಿಕ್ಕರೆ ಇನ್ನೂ ಸ್ವಲ್ಪ ಹೇಳಬಹುದು ಅಂದೆ. ಅದಕ್ಕಿಂತ ಹೆಚ್ಚು ನಾನು ಬರೆದುಕೊಡಲಾರೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರಂಕಿನ ತಳದಲ್ಲಿ ಅವರ ಕಾಲುಚೀಲ, ಚಡ್ಡಿ ಇದೆ. ಅಸಹ್ಯ ಮಣ್ಣು. ಅದನ್ನ ನೆನೆಹಾಕೋಣ ಅಂತಿದ್ದೆ" ಅಂದರು.

ಟ್ರಂಕಿನ ಮುಚ್ಚಳ ಹಾಕಿಡಿ, ಕೈ ಹಾಕಬೇಡಿ ಅಂದಿದ್ದೇನೆ. ಈ ಭಾನುವಾರ ಕ್ಯಾಮೆರಾ ತೆಗೆದುಕೊಂಡು ನಾನೇ ಅವರ ಮನೆಗೆ ಹೋಗುತ್ತಿದ್ದೇನೆ.