ಮ್ಯಾಗ್ಸೆಸೆ ಏಳನೆಯವರೋ, ಮೂರನೆಯವರೋ?

ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನಮಗೆಲ್ಲ ಗೊತ್ತು. ಆ ಹೆಸರಿನ ಹಿಂದಿರುವ ವ್ಯಕ್ತಿಯ ಬಗ್ಗೆ ಓದಲು ಕುಳಿತವನು ಮೊದಲ ಸಾಲಿನಲ್ಲೇ ತಡವರಿಸಿದೆ. ರಾಮೋನ್ ಮ್ಯಾಗ್ಸೆಸೆ ಫಿಲಿಪೀನ್ಸಿನ ಏಳನೆಯ ಅಧ್ಯಕ್ಷ ಎಂದು ಒಂದು ಕಡೆ, ಮೂರನೆಯ ಅಧ್ಯಕ್ಷ ಎಂದು ಇನ್ನೊಂದು ಕಡೆ. ಎರಡೂ ಸರಿ ಎಂದು ತಿಳಿಯಲು ನನಗೆ ಎರಡು ಸಂಜೆ ಹಿಡಿಯಿತು.

ಎಣಿಕೆ ಹೀಗೆ. ಸ್ಪೇನಿನ ವಿರುದ್ಧ ಹೋರಾಡಿ 1899ರಲ್ಲಿ ಗಣರಾಜ್ಯ ಕಟ್ಟಿದ ಅಗಿನಾಲ್ಡೊ ಮೊದಲನೆಯವರು. ಆಮೇಲೆ ಅಮೆರಿಕದ ಆಳ್ವಿಕೆ. ಅದರ ಅಡಿಯಲ್ಲೇ 1935ರಲ್ಲಿ ಸ್ವಯಮಾಡಳಿತ ಬಂದಾಗ ಕೆಸೋನ್ ಎರಡನೆಯವರು. ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಜಪಾನ್ ದೇಶವನ್ನು ಹಿಡಿದಾಗ ಕೆಸೋನ್ ಅಮೆರಿಕಕ್ಕೆ ಹೋಗಿ ಅಲ್ಲಿಂದಲೇ ಅಧ್ಯಕ್ಷರಾಗಿ ಮುಂದುವರಿದರು. ಇತ್ತ ಮನಿಲಾದಲ್ಲಿ ಜಪಾನಿನ ನೆರಳಿನಲ್ಲಿ 1943ರಲ್ಲಿ ಲೌರೆಲ್ ಅಧ್ಯಕ್ಷರಾದರು. ಅಂದರೆ ಒಂದೇ ಹೊತ್ತಿನಲ್ಲಿ ಇಬ್ಬರು ಅಧ್ಯಕ್ಷರು. 1944ರಲ್ಲಿ ಕೆಸೋನ್ ತೀರಿಕೊಂಡಾಗ ಅವರ ಜಾಗಕ್ಕೆ ಒಸ್ಮೆನ್ಯಾ ಬಂದರು. ಲೌರೆಲ್ ಇನ್ನೂ ಇದ್ದರು. ಈಗಿನ ಅಧಿಕೃತ ಪಟ್ಟಿ ಯಾರನ್ನೂ ಬಿಡುವುದಿಲ್ಲ: ಲೌರೆಲ್ ಮೂರು, ಒಸ್ಮೆನ್ಯಾ ನಾಲ್ಕು. ರೋಹಾಸ್ ಐದು, ಕಿರಿನೋ ಆರು, ಮ್ಯಾಗ್ಸೆಸೆ ಏಳು. 1946ರ ಜುಲೈ 4ರಂದು ಅಮೆರಿಕದಿಂದ ಸ್ವಾತಂತ್ರ್ಯ ಸಿಕ್ಕ ಮೇಲಿನವರನ್ನಷ್ಟೇ ಎಣಿಸಿದರೆ ರೋಹಾಸ್ ಒಂದು, ಕಿರಿನೋ ಎರಡು, ಮ್ಯಾಗ್ಸೆಸೆ ಮೂರು. ಎಣಿಕೆ ಎಲ್ಲಿಂದ ಶುರುವಾಯಿತು ಎಂದು ನೋಡಿಕೊಂಡರೆ ಸಾಕು.

ನೆನಪಿಗೆ ನಾನು ಕಂಡುಕೊಂಡ ಗಂಟು ಏಳರದ್ದು. ಹುಟ್ಟಿದ್ದು 1907, ತೀರಿಕೊಂಡದ್ದು 1957ರ ಮಾರ್ಚ್ 17, ಸ್ಥಾನ ಏಳು.

ಬಾಲ್ಯ ಬೇಗ ಮುಗಿಸುತ್ತೇನೆ. ಊರು ಸಾಂಬಾಲೆಸ್ ಪ್ರಾಂತದ ಇಬಾ. ತಂದೆ ಕಮ್ಮಾರ, ತಾಯಿ ಶಿಕ್ಷಕಿ. ಬಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ವ್ಯವಸ್ಥಾಪಕರಾದರು. ಯುದ್ಧದಲ್ಲಿ ಜಪಾನಿನ ವಿರುದ್ಧ ಗೆರಿಲ್ಲಾ ಆದರು. 1946ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಹೋದರು.

ನಿಧಾನವಾಗಿ ಓದಬೇಕಾದದ್ದು 1950ರಿಂದ. ಅಧ್ಯಕ್ಷ ಕಿರಿನೋ ಮ್ಯಾಗ್ಸೆಸೆಯವರನ್ನು ರಕ್ಷಣಾ ಕಾರ್ಯದರ್ಶಿ ಮಾಡಿದಾಗ ಲುಜಾನ್ ದ್ವೀಪದ ಮಧ್ಯಭಾಗದಲ್ಲಿ ಹುಕ್ ದಂಗೆ ಉರಿಯುತ್ತಿತ್ತು. ಹುಕ್ಕರು ಜಪಾನಿನ ವಿರುದ್ಧ ಎದ್ದ ರೈತ ಪಡೆ. ಯುದ್ಧ ಮುಗಿದರೂ ಕೋವಿ ಕೆಳಗಿಡಲಿಲ್ಲ, ಏಕೆಂದರೆ ಬೆಳೆಯ ದೊಡ್ಡ ಪಾಲು ಗೇಣಿಯಾಗಿ ಜಮೀನ್ದಾರನ ಮನೆಗೇ ಹೋಗುತ್ತಿತ್ತು. ಮ್ಯಾಗ್ಸೆಸೆ ಸೈನ್ಯವನ್ನು ಬಿಗಿ ಮಾಡಿದರು, ಅಮೆರಿಕದ ನೆರವನ್ನೂ ಪಡೆದರು. ಜೊತೆಗೆ, ಶರಣಾದವರಿಗೆ ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಭೂಮಿ ಕೊಡುವ ಯೋಜನೆ ತಂದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ತಂತಿ, ಅಂದರೆ ಟೆಲಿಗ್ರಾಂ. ಸೈನಿಕ ಕೋಳಿ ಕದ್ದನೇ, ಅಧಿಕಾರಿ ಲಂಚ ಕೇಳಿದನೇ? ಹಳ್ಳಿಯವನು ಹತ್ತು ಸೆಂಟಾವೊ (ಅಲ್ಲಿನ ಚಿಲ್ಲರೆ ಕಾಸು) ಕೊಟ್ಟು ಅಂಚೆ ಕಚೇರಿಯಿಂದ ನೇರ ಕಾರ್ಯದರ್ಶಿಗೇ ತಂತಿ ಕಳುಹಿಸಬಹುದಿತ್ತು. ಸರ್ಕಾರವೆಂದರೆ ಬಂದೂಕು ಎಂದಷ್ಟೇ ತಿಳಿದಿದ್ದ ರೈತನಿಗೆ ತನ್ನ ಮಾತು ಮನಿಲಾಕ್ಕೆ ಮುಟ್ಟುತ್ತದೆ ಎಂಬ ಧೈರ್ಯ ಬಂದದ್ದು ಇದರಿಂದ ಎಂದು ನಾನು ನಂಬುತ್ತೇನೆ.

1953ರಲ್ಲಿ ಅವರು ರಾಜೀನಾಮೆ ಕೊಟ್ಟು ನಾಸಿಯೊನಲಿಸ್ತಾ ಪಕ್ಷ ಸೇರಿ, ತಮ್ಮನ್ನು ನೇಮಿಸಿದ ಕಿರಿನೋ ಅವರನ್ನೇ ಸೋಲಿಸಿದರು. ನೂರಕ್ಕೆ ಸುಮಾರು 69 ಮತ ಅವರ ಪಾಲಿಗೆ ಬಂತು. ಬಾರೊಂಗ್ ಎಂಬ ದೇಸಿ ಅಂಗಿ ತೊಟ್ಟು ಪ್ರಮಾಣವಚನ ಸ್ವೀಕರಿಸಿದ ಮೊದಲ ಅಧ್ಯಕ್ಷ ಅವರೇ. ಅಧ್ಯಕ್ಷರ ನಿವಾಸವಾದ ಮಲಕನ್ಯಾಂಗ್ ಅರಮನೆಯ ಬಾಗಿಲನ್ನು ಜನರಿಗೆ ತೆರೆದರು.

ಆದರೆ ಭೂಮಿ? 1954ರಲ್ಲಿ ಗೇಣಿ ಕಾಯ್ದೆ, 1955ರಲ್ಲಿ ಭೂಸುಧಾರಣಾ ಕಾಯ್ದೆ ಬಂದವು. ಜಮೀನ್ದಾರರೇ ತುಂಬಿದ್ದ ಸಂಸತ್ತು ಎರಡನೆಯದರ ಹಲ್ಲು ಕಿತ್ತಿತು: ಒಬ್ಬ ಒಡೆಯನ ಬಳಿ ಒಂದೇ ಕಡೆ 300 ಹೆಕ್ಟೇರಿಗಿಂತ ಹೆಚ್ಚು ಭತ್ತದ ಗದ್ದೆ ಇದ್ದರೆ ಮಾತ್ರ ಹೆಚ್ಚುವರಿಯನ್ನು ಕಡ್ಡಾಯವಾಗಿ ಪಡೆಯಬಹುದಿತ್ತು. ಅಷ್ಟು ದೊಡ್ಡ ಹಿಡುವಳಿಗಳು ಎಷ್ಟಿದ್ದಾವು! ‘ಹುಕ್ ದಂಗೆ ಅಡಗಿಸಿದವರು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಈ 300ನ್ನೂ ಬರೆಯಿರಿ.

ಸಿಬು ದ್ವೀಪದ ಮನುಂಗಲ್ ಬೆಟ್ಟಕ್ಕೆ ವಿಮಾನ ಬಡಿದು ಅವರು ತೀರಿಕೊಂಡರು. ಒಳಗಿದ್ದ 25 ಜನರಲ್ಲಿ ಬದುಕಿದ್ದು ಒಬ್ಬ ಪತ್ರಕರ್ತ ಮಾತ್ರ. ಅದೇ ವರ್ಷ ಪ್ರಶಸ್ತಿ ಸ್ಥಾಪನೆಯಾಯಿತು. 1958ರ ಮೊದಲ ಸಾಲಿನಲ್ಲೇ ಭೂದಾನದ ವಿನೋಬಾ ಭಾವೆ ಇದ್ದರು.

ಎಣಿಕೆ ಕೂತಿದೆಯೇ ಎಂದು ಪರೀಕ್ಷಿಸಿಕೊಳ್ಳಲು: ಅವರ ನಂತರ ಬಂದ ಗಾರ್ಸಿಯಾ ಪೂರ್ತಿ ಪಟ್ಟಿಯಲ್ಲಿ ಎಂಟನೆಯವರು, 1946ರಿಂದ ಎಣಿಸಿದರೆ ನಾಲ್ಕನೆಯವರು.