ಶಾಲೆಗೆ ಎಷ್ಟು ಕೋಟಿ ಅಂತಲ್ಲ, ಎಷ್ಟರಲ್ಲಿ ಎಷ್ಟು ಅಂತ ಕೇಳಿ

ಬಜೆಟ್ ದಿನ ಟಿವಿಯಲ್ಲಿ ಕೋಟಿಗಳು ಓಡುತ್ತಿರುತ್ತವೆ. ಕೇಳೋಕೆ ಚೆನ್ನಾಗಿರುತ್ತದೆ. ಆದರೆ ಭಾಗಿಸಿ ನೋಡಿದವರು ಕಡಿಮೆ.

ನಮ್ಮ ಕರ್ನಾಟಕವನ್ನೇ ತಗೊಳ್ಳಿ. 2024-25ರ ಬಜೆಟ್ 3.71 ಲಕ್ಷ ಕೋಟಿ, ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. ಮರುವರ್ಷ ಬಜೆಟ್ 4.09 ಲಕ್ಷ ಕೋಟಿ, ಶಿಕ್ಷಣಕ್ಕೆ 45,286 ಕೋಟಿ. 864 ಕೋಟಿ ಜಾಸ್ತಿ ಆಯಿತಲ್ವಾ? ಪಾಲು ಮಾತ್ರ ನೂರಕ್ಕೆ 12 ಇದ್ದದ್ದು 11ಕ್ಕೆ ಇಳಿಯಿತು. ಮನೆ ಲೆಕ್ಕದಲ್ಲಿ ಹೇಳಬೇಕೆಂದರೆ, ಸಂಬಳ 30 ಸಾವಿರದಿಂದ 33 ಸಾವಿರ ಆಗಿದೆ, ಮಕ್ಕಳ ಓದಿಗೆ ಎತ್ತಿಡುವ ದುಡ್ಡು 3,600 ಇದ್ದದ್ದು 3,670 ಆಗಿದೆ, ಅಷ್ಟೇ.

ಈ ‘ಎಷ್ಟರಲ್ಲಿ ಎಷ್ಟು’ ಹಳೇ ಜಗಳ. ದೇಶದ ಶಿಕ್ಷಣ ಹೇಗಿರಬೇಕು ಅಂತ ಹೇಳಲು ಕೇಂದ್ರ ಸರ್ಕಾರ ನೇಮಿಸಿದ್ದ 1964-66ರ ಕೊಠಾರಿ ಆಯೋಗ, ಶಿಕ್ಷಣದ ಖರ್ಚು ರಾಷ್ಟ್ರೀಯ ಆದಾಯದ ಶೇ 2.9ರಷ್ಟಿದೆ, 1985-86ರ ಹೊತ್ತಿಗೆ ಶೇ 6 ಆಗಬೇಕು ಎಂದಿತು. 1968ರ ಶಿಕ್ಷಣ ನೀತಿ ಈ 6ನ್ನು ಒಪ್ಪಿತು. ಆಮೇಲೆ ‘ರಾಷ್ಟ್ರೀಯ ಆದಾಯ’ ಹೋಗಿ ‘ಜಿಡಿಪಿ’ ಬಂತು, 6 ಮಾತ್ರ ಅಲ್ಲೇ ಉಳಿಯಿತು. 2020ರ ನೀತಿಯೂ ಅದನ್ನೇ ಹೇಳುತ್ತದೆ. ಆದರೆ ಕೇಂದ್ರ, ರಾಜ್ಯ ಎರಡೂ ಸೇರಿ 2017-18ರಲ್ಲಿ ಖರ್ಚಾದದ್ದು ಶೇ 4.43 ಎಂದು ಅದೇ ನೀತಿ ಬರೆದುಕೊಂಡಿದೆ.

ಜಿಡಿಪಿ ಅಂದರೆ ಇಡೀ ದೇಶದ ದುಡಿಮೆ, ಸರ್ಕಾರದ ಜೇಬಲ್ಲ. ತೆರಿಗೆ ಬರಲಿಲ್ಲ, ಏನ್ಮಾಡೋದು ಅಂತ ಕೈ ಚೆಲ್ಲಬಹುದು. ಒಟ್ಟು ಸರ್ಕಾರಿ ಖರ್ಚಿನಲ್ಲಿ ಪಾಲು ಎಷ್ಟು ಅಂತ ಕೇಳಿದರೆ ಆ ನೆಪ ನಡೆಯುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ನಡೆದ ವಿಶ್ವ ಶಿಕ್ಷಣ ಸಮಾವೇಶದಲ್ಲಿ ಹೊರಬಂದ 2015ರ ಇಂಚಿಯಾನ್ ಘೋಷಣೆ ಜಿಡಿಪಿಯ ಶೇ 4-6ರ ಜೊತೆಗೆ ಸರ್ಕಾರಿ ಖರ್ಚಿನ ಶೇ 15-20 ಎಂಬ ಅಳತೆಯನ್ನೂ ಇಟ್ಟಿತು. ನಮ್ಮ ದೇಶದ 2019ರ ಕರಡು ಶಿಕ್ಷಣ ನೀತಿಯಲ್ಲೂ, ಸುಮಾರು ಶೇ 10 ಇರುವ ಪಾಲನ್ನು ಹತ್ತು ವರ್ಷದಲ್ಲಿ 20ಕ್ಕೆ ಒಯ್ಯಬೇಕು ಎಂದಿತ್ತು. ಮರುವರ್ಷ ಅಂತಿಮ ನೀತಿ ಬಂದಾಗ ಆ ಗುರಿ ಕಾಣಲಿಲ್ಲ. ಇದು ಸುಮ್ನೆ ಬಿಟ್ಟುಹೋದದ್ದು ಅಂತ ನನಗಂತೂ ಅನ್ನಿಸುವುದಿಲ್ಲ.

ಹಾಗಂತ ಪಾಲಿನ ಲೆಕ್ಕವೂ ಪೂರ್ತಿ ಸಾಚಾ ಅಲ್ಲ. ಕೇಂದ್ರದ 2025-26ರ ಬಜೆಟ್ 50.65 ಲಕ್ಷ ಕೋಟಿ, ಶಿಕ್ಷಣ ಸಚಿವಾಲಯಕ್ಕೆ 1.28 ಲಕ್ಷ ಕೋಟಿ. ಬರೀ ಎರಡೂವರೆ ಪರ್ಸೆಂಟಾ ಅಂತ ಕೂಗುವ ಮೊದಲು, ಸರ್ಕಾರಿ ಶಾಲೆ ಮೇಷ್ಟ್ರ ಸಂಬಳದ ಹೊರೆ ಹೆಚ್ಚಾಗಿ ರಾಜ್ಯಗಳ ಮೇಲಿದೆ ಎಂಬುದು ನೆನಪಿರಲಿ. ಇನ್ನು ಆ 50.65ರಲ್ಲಿ 12.76 ಲಕ್ಷ ಕೋಟಿ ಬಡ್ಡಿಗೇ ಹೋಗುತ್ತದೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಅಂದಹಾಗೆ, ಮೇಲಿನ ಬಜೆಟ್ ಅಂಕಿಗಳೆಲ್ಲ ಅಂದಾಜು. ನಿಜವಾಗಿ ಎಷ್ಟು ಖರ್ಚಾಯಿತು ಅನ್ನುವುದು ಎರಡು ವರ್ಷ ಬಿಟ್ಟು ಬರುವ ಬಜೆಟ್ ಪುಸ್ತಕದ ಇನ್ನೊಂದು ಕಾಲಂನಲ್ಲಿ ಇರುತ್ತದೆ. ಅದು ಟಿವಿಯಲ್ಲಿ ಓಡಿದ್ದನ್ನು ನಾನಿನ್ನೂ ನೋಡಿಲ್ಲ.