ವಾಕ್ಯ ಮುಗಿಯುವವರೆಗೂ ದನಿ ಇರಲಿ, ಕಣ್ಣೂ ಇರಲಿ

ಭಾಷಣ ಕಲಿಯಲು ಬರುವವರು ಮೊದಲು ಕೇಳುವುದು ಆರಂಭದ ಬಗ್ಗೆ. ಹೇಗೆ ಶುರು ಮಾಡಲಿ, ಮೊದಲ ಮಾತು ಏನಿರಲಿ, ಸಭೆಯ ಗಮನ ಹೇಗೆ ಸೆಳೆಯಲಿ? ಅದಕ್ಕೆ ಉತ್ತರ ಹೇಳುವ ಮೊದಲು ಅವರಿಗೆ ಒಂದು ಕೆಲಸ ಕೊಡುತ್ತೇನೆ. ಫೋನಿನಲ್ಲಿ ಐದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ, ಒಂದೊಂದು ವಾಕ್ಯವೂ ಹೇಗೆ ಮುಗಿಯುತ್ತದೆ ಎಂಬುದನ್ನಷ್ಟೇ ಕೇಳಿಸಿಕೊಳ್ಳಿ. ಧ್ವನಿ ಮತ್ತು ಮಾತಿನ ತರಬೇತಿ ಕೊಡುವ ಈ ವೃತ್ತಿಯಲ್ಲಿ ನಾನು ಕಂಡಂತೆ, ಕನ್ನಡದ ಭಾಷಣ ಕೆಡುವುದು ಹೆಚ್ಚಾಗಿ ವಾಕ್ಯದ ಕೊನೆಯ ಎರಡು ಮೂರು ಪದಗಳಲ್ಲಿ.

ಕಾರಣ ನಮ್ಮ ಭಾಷೆಯ ರಚನೆಯಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಆದದ್ದೋ ಆಗುವುದೋ, ಬೇಕೋ ಬೇಡವೋ, ಹೌದೋ ಅಲ್ಲವೋ ಎಂಬುದೆಲ್ಲ ಆ ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ‘ಈ ಮಾಹಿತಿಯನ್ನು ಹೊರಗಿನವರಿಗೆ ಕೊಡ...’ ಎನ್ನುವಲ್ಲಿಗೆ ದನಿ ಕುಸಿದರೆ, ‘ಕೊಡಬಹುದು’ ಎಂದರೋ ‘ಕೊಡಬಾರದು’ ಎಂದರೋ ಹಿಂದಿನ ಸಾಲಿನವರಿಗೆ ಗೊತ್ತಾಗುವುದೇ ಇಲ್ಲ. ಕ್ರಿಯಾಪದ ಮೊದಲೇ ಬರುವ ಇಂಗ್ಲಿಷಿನಲ್ಲಿ ವಾಕ್ಯದ ಬಾಲ ಕಳೆದುಹೋದರೂ ತಿರುಳು ಬಹುಪಾಲು ಉಳಿದಿರುತ್ತದೆ. ನಮ್ಮಲ್ಲಿ ಬಾಲ ಹೋದರೆ ಅರ್ಥವೇ ಹೋಗುತ್ತದೆ. ಇಂಗ್ಲಿಷ್ ಮಾತುಗಾರಿಕೆಯ ಪುಸ್ತಕಗಳನ್ನು ಓದಿ ತಯಾರಾಗಿ ಬರುವವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ದನಿ ಕುಸಿಯುವುದು ಉಸಿರಿನ ಲೆಕ್ಕ ತಪ್ಪುವುದರಿಂದ. ಸುಮ್ಮನೆ ಕುಳಿತಾಗ ಉಸಿರು ಎಳೆದುಕೊಳ್ಳುವ ಸಮಯಕ್ಕೂ ಬಿಡುವ ಸಮಯಕ್ಕೂ ಅಷ್ಟೇನೂ ಅಂತರವಿಲ್ಲ. ಮಾತಾಡುವಾಗ ಹಾಗಲ್ಲ. ಚಕ್ಕನೆ ಒಂದು ಉಸಿರು ಒಳಗೆ ಹೋಗುತ್ತದೆ, ಆಮೇಲೆ ಅದನ್ನೇ ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತಾ ಮಾತು ಸಾಗುತ್ತದೆ. ಒಟ್ಟು ಸಮಯದಲ್ಲಿ ಸುಮಾರು ಶೇ 10ರಷ್ಟು ಮಾತ್ರ ಉಸಿರೆಳೆದುಕೊಳ್ಳಲು ಸಿಗುತ್ತದೆ. ಧ್ವನಿತಂತುಗಳು ಕಂಪಿಸಬೇಕಾದರೆ ಕೆಳಗಿನಿಂದ ಗಾಳಿಯ ಒತ್ತಡ ಬೇಕು. ಉಸಿರು ತೀರುತ್ತಾ ಬಂದಂತೆ ಆ ಒತ್ತಡ ಇಳಿಯುತ್ತದೆ, ದನಿ ತಗ್ಗುತ್ತದೆ, ಕೊನೆಗೆ ಗೊರಗುಟ್ಟುತ್ತದೆ. ವೇದಿಕೆಯ ಭಯವೂ ಸೇರಿದರೆ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಆಗ ಅರ್ಧ ವಾಕ್ಯಕ್ಕೇ ಬಂಡವಾಳ ಮುಗಿದಿರುತ್ತದೆ.

ಇದಕ್ಕೆ ‘ಜೋರಾಗಿ ಮಾತಾಡಿ’ ಎಂಬ ಸಲಹೆ ಕೊಡುವವರು ಬಹಳ. ಜೋರು ಮಾಡಿದರೆ ಉಸಿರು ಇನ್ನೂ ಬೇಗ ಖರ್ಚಾಗುತ್ತದೆ, ಗಂಟಲೂ ಕಟ್ಟುತ್ತದೆ. ಉಸಿರು ಇನ್ನೂ ಉಳಿದಿರುವಾಗಲೇ ವಾಕ್ಯ ಮುಗಿಸುವುದನ್ನು ಕಲಿಯಬೇಕು. ಹಾಗೆ ಮುಗಿಸಬೇಕಾದರೆ ವಾಕ್ಯ ಚಿಕ್ಕದಿರಬೇಕು.

ಇಲ್ಲಿ ಬರವಣಿಗೆಯ ಕನ್ನಡ ನಮಗೆ ಅಡ್ಡ ಬರುತ್ತದೆ. ಕಚೇರಿಯೊಂದರ ವಿಭಾಗ ಮುಖ್ಯಸ್ಥೆಯೊಬ್ಬರು ವಾರ್ಷಿಕ ಸಭೆಗೆ ಬರೆದುಕೊಂಡಿದ್ದ ಸಾಲು ಹೀಗಿತ್ತು: ‘ಕಳೆದ ವರ್ಷ ಸ್ವೀಕೃತವಾದ ದೂರುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಹೆಚ್ಚಿನವು ವಿಳಂಬಕ್ಕೆ ಸಂಬಂಧಿಸಿದವು ಎಂಬುದನ್ನು ಮನಗಂಡು, ಈ ಬಗ್ಗೆ ಸಿಬ್ಬಂದಿಯೊಂದಿಗೆ ಚರ್ಚಿಸಿ, ಹೊಸ ವ್ಯವಸ್ಥೆಯೊಂದನ್ನು ಜಾರಿಗೆ ತರಲು ತೀರ್ಮಾನಿಸಲಾಗಿದೆ.’ ಕಾಗದದ ಮೇಲೆ ಇದರಲ್ಲಿ ವ್ಯಾಕರಣ ದೋಷವಿಲ್ಲ. ಆದರೆ ಬಾಯಲ್ಲಿ ಹೇಳುವಾಗ ‘ಚರ್ಚಿಸಿ’ ಎನ್ನುವ ಹೊತ್ತಿಗೆ ಅವರ ಉಸಿರು ಮುಗಿದಿತ್ತು. ಇಡೀ ಸಭೆ ಕಾಯುತ್ತಿದ್ದ ‘ತೀರ್ಮಾನಿಸಲಾಗಿದೆ’ ಗೊಣಗಾಟದಂತೆ ಕೇಳಿಸಿತು. ಇಬ್ಬರೂ ಕೂತು ಅದನ್ನು ಒಡೆದೆವು: ‘ಕಳೆದ ವರ್ಷ ಬಂದ ದೂರುಗಳನ್ನೆಲ್ಲ ನೋಡಿದೆವು. ಹೆಚ್ಚಿನವರು ಹೇಳಿದ್ದು ಒಂದೇ ಮಾತು, ಕೆಲಸ ತಡವಾಗುತ್ತಿದೆ. ಸಿಬ್ಬಂದಿಯ ಜೊತೆ ಕೂತು ಮಾತಾಡಿದೆವು. ಮುಂದಿನ ತಿಂಗಳಿಂದ ಹೊಸ ವ್ಯವಸ್ಥೆ ತರುತ್ತೇವೆ.’ ಪ್ರತಿ ವಾಕ್ಯಕ್ಕೂ ಒಂದು ಉಸಿರು ಸಿಕ್ಕಿತು. ಇನ್ನೂ ಒಂದು ಬದಲಾವಣೆ ತಾನಾಗಿ ಆಯಿತು. ‘ತೀರ್ಮಾನಿಸಲಾಗಿದೆ’ ಎನ್ನುವಾಗ ತೀರ್ಮಾನ ಮಾಡಿದವರು ಯಾರೆಂದು ಕಾಣುವುದಿಲ್ಲ. ‘ತರುತ್ತೇವೆ’ ಎಂದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. ನಿಲುವು ಸರಿಮಾಡಿಕೊಳ್ಳಿ ಎಂದು ನಾನು ಹೇಳಿರಲಿಲ್ಲ.

ಭಾಷಣ ಬರೆದುಕೊಳ್ಳುವುದು ತಪ್ಪೆಂದು ನಾನು ಒಪ್ಪುವುದಿಲ್ಲ. ವಿನ್‌ಸ್ಟನ್ ಚರ್ಚಿಲ್ 1904ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಾತಿನ ನಡುವೆ ಮುಂದಿನದು ಮರೆತುಹೋಗಿ ಕೂತುಬಿಟ್ಟಿದ್ದರು. ಅಲ್ಲಿಂದಾಚೆಗೆ ಅವರು ವಿವರವಾದ ಟಿಪ್ಪಣಿ ಇಲ್ಲದೆ ದೊಡ್ಡ ಭಾಷಣಕ್ಕೆ ನಿಲ್ಲುತ್ತಿರಲಿಲ್ಲ. ಆ ಟಿಪ್ಪಣಿಗಳನ್ನು ಟೈಪ್ ಮಾಡಿಸುತ್ತಿದ್ದುದು ಕವಿತೆಯ ಹಾಗೆ, ತುಂಡು ತುಂಡು ಸಾಲುಗಳಲ್ಲಿ. ನಾನೂ ಇದನ್ನೇ ಮಾಡಿಸುತ್ತೇನೆ. ಪ್ಯಾರಾ ಬೇಡ, ಒಂದು ಉಸಿರಿಗೆ ಒಂದು ಸಾಲು. ಅಕ್ಷರ ದೊಡ್ಡದಿರಲಿ, ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಖಾಲಿ ಇರಲಿ. ಅಲ್ಲಿಯವರೆಗೂ ಬರೆದರೆ ಓದಲು ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗುತ್ತದೆ, ದನಿ ನೆಲಕ್ಕೆ ಹೋಗುತ್ತದೆ.

ಇನ್ನು ದೇಹದ ಮಾತು. ಅದೇ ಮುಖ್ಯಸ್ಥೆಯ ಅಭ್ಯಾಸದ ವಿಡಿಯೊವನ್ನು ಶಬ್ದ ಆಫ್ ಮಾಡಿ ಇಬ್ಬರೂ ನೋಡಿದೆವು. ಪ್ರತಿ ವಾಕ್ಯದ ಕೊನೆಗೆ ಸ್ವಲ್ಪ ಮೊದಲು ಅವರ ಕಣ್ಣು ಹಾಳೆಗೆ ಇಳಿಯುತ್ತಿತ್ತು, ಮುಂದಿನ ಸಾಲು ಹುಡುಕಲು. ಕಣ್ಣಿನ ಹಿಂದೆಯೇ ಗಲ್ಲ, ಗಲ್ಲದ ಹಿಂದೆ ಭುಜ, ಎತ್ತಿದ ಕೈಯೂ ಅರ್ಧಕ್ಕೇ ಕೆಳಗೆ. ದನಿ ಎಲ್ಲಿ ಕುಸಿಯುತ್ತಿತ್ತೋ ಅಲ್ಲೇ ದೇಹವೂ ಸಭೆಯನ್ನು ಬಿಟ್ಟು ಹೋಗುತ್ತಿತ್ತು. ಮಾತಿನ ಕೌಶಲ ಬೇರೆ, ಹಾವಭಾವದ ಕೌಶಲ ಬೇರೆ ಎಂದು ಎರಡು ಪಾಠ ಮಾಡುವುದು ನನಗೆ ಸರಿಕಾಣದಿರುವುದು ಇದಕ್ಕೇ. ಮನಸ್ಸು ಮುಂದಿನ ಸಾಲಿಗೆ ಓಡಿದ ಕೂಡಲೇ ಉಸಿರು, ಕಣ್ಣು, ಕೈ ಎಲ್ಲವೂ ಒಟ್ಟಿಗೆ ಕೈಬಿಡುತ್ತವೆ.

ಅವರಿಗೆ ಹೇಳಿದ ಅಭ್ಯಾಸ ಸರಳ, ಆದರೆ ಮೊದಮೊದಲು ಬಹಳ ಹಿಂಸೆಯೆನಿಸುತ್ತದೆ. ಕಣ್ಣು ಹಾಳೆಯ ಮೇಲಿರುವಾಗ ಬಾಯಿ ಮುಚ್ಚಿರಬೇಕು. ಕೆಳಗೆ ನೋಡಿ, ಒಂದು ಸಾಲನ್ನು ಮನಸ್ಸಿಗೆ ತೆಗೆದುಕೊಳ್ಳಿ. ತಲೆ ಎತ್ತಿ, ಸಭೆಯಲ್ಲಿ ಒಬ್ಬರನ್ನು ನೋಡಿ. ಆ ಸಾಲನ್ನು ಅವರಿಗೆ ಹೇಳಿ, ಕೊನೆಯ ಅಕ್ಷರದವರೆಗೂ ಅವರನ್ನು ಬಿಡಬೇಡಿ. ಆಮೇಲೆ ಕೆಳಗೆ ನೋಡಿ, ಮುಂದಿನ ಸಾಲು. ನೋಡಿದ ವ್ಯಕ್ತಿಗೆ ಇರುಸುಮುರುಸಾದಂತೆ ಕಂಡರೆ ನೋಟವನ್ನು ಹಣೆಗೋ ಪಕ್ಕದವರಿಗೋ ಸರಿಸಿದರೆ ಸಾಕು. ಮುಂದಿನ ಸಾಲನ್ನು ಕೋಣೆಯ ಇನ್ನೊಂದು ಬದಿಯಲ್ಲಿ ಕೂತವರಿಗೆ ಹೇಳಿ. ಫ್ಯಾನಿನಂತೆ ಈ ಕಡೆಯಿಂದ ಆ ಕಡೆಗೆ ತಲೆ ತಿರುಗಿಸುತ್ತಾ ಹೋದರೆ ಯಾರನ್ನೂ ನೋಡಿದಂತಾಗುವುದಿಲ್ಲ.

ನಡುವಿನ ಆ ಮೌನವೇ ಹಿಂಸೆ ಕೊಡುವುದು. ಮಾತಾಡುವವರಿಗೆ ಅದು ಬಹಳ ದೀರ್ಘವೆನಿಸುತ್ತದೆ. ಕೇಳುವವರಿಗೆ ಅದು ಹಿಂದಿನ ವಾಕ್ಯ ಮನಸ್ಸಿಗೆ ಇಳಿಯುವ ಹೊತ್ತು. ಓದುಗ ಬೇಕಾದರೆ ಹಿಂದಿನ ಪುಟಕ್ಕೆ ಹೋಗಬಹುದು, ಕೇಳುಗನಿಗೆ ಆ ಅನುಕೂಲವಿಲ್ಲ, ನೀವು ನಿಲ್ಲಿಸಿದಷ್ಟೇ ಅವನಿಗೆ ಸಿಗುವ ಸಮಯ. ‘ಏನಪ್ಪಾ ಅಂದ್ರೆ’, ‘ಅದು ಏನಾಗುತ್ತೆ ಅಂದ್ರೆ’, ‘ಸೋ’, ‘ಆ್ಯಕ್ಚುಲಿ’ ಇವೆಲ್ಲ ಹುಟ್ಟುವುದು ಈ ಮೌನದ ಭಯದಿಂದಲೇ. ಅವನ್ನು ಒಂದೊಂದಾಗಿ ಹಿಡಿದು ಬೈದುಕೊಂಡರೆ ಇನ್ನಷ್ಟು ಹೆಚ್ಚಾಗುತ್ತವೆ. ವಾಕ್ಯವನ್ನು ಪೂರ್ತಿ ಮುಗಿಸಿ ಬಾಯಿ ಮುಚ್ಚುವ ಅಭ್ಯಾಸವಾದರೆ ಅವಕ್ಕೆ ಜಾಗವೇ ಉಳಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಬಂದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಹಾವಭಾವದ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಅಂಕಿ ಬಂದೇ ಬರುತ್ತದೆ: ಸಂವಹನದಲ್ಲಿ ಪದಗಳ ಪಾಲು ಶೇ 7, ದನಿಯದು ಶೇ 38, ಮುಖ ಮತ್ತು ದೇಹದ್ದು ಶೇ 55. ತರಬೇತಿ ಕಾರ್ಯಕ್ರಮಗಳ ಸ್ಲೈಡುಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಇದರ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು. ಅಲ್ಲಿ ಯಾರೂ ಭಾಷಣ ಮಾಡಿರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊಗಳನ್ನು ತೋರಿಸಿ, ಆಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಊಹಿಸಿ ಎಂದಿದ್ದರು. ಭಾವನೆ ಅಥವಾ ಮನೋಭಾವದ ಮಾತಿಗಲ್ಲದೆ ಬೇರೆಡೆಗೆ ಈ ಸೂತ್ರ ಅನ್ವಯಿಸದು ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಪದಗಳ ಪಾಲು ಶೇ 7 ಮಾತ್ರ ಎಂದು ನಂಬಿದವರು ವಿಷಯದ ತಯಾರಿ ಬಿಟ್ಟು ಕನ್ನಡಿಯ ಮುಂದೆ ಕೈ ಬೀಸುವುದನ್ನು ಅಭ್ಯಾಸ ಮಾಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಆ ಅಧ್ಯಯನಗಳಿಂದ ನಾವು ಕಲಿಯಬಹುದಾದದ್ದು ಇಷ್ಟು: ‘ಬಹಳ ಸಂತೋಷವಾಗಿದೆ’ ಎಂದು ಬಾಯಿ ಹೇಳುವಾಗ ಮುಖ ಬಿಗಿದುಕೊಂಡಿದ್ದರೆ, ನೋಡುವವರು ಮುಖವನ್ನೇ ನಂಬುತ್ತಾರೆ.

ಕೈಗಳ ವಿಷಯಕ್ಕೆ ಬಂದರೆ, ಅವನ್ನು ಏನು ಮಾಡಲಿ ಎಂದು ಕೇಳದವರಿಲ್ಲ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಎಂಬ ಸಂಶೋಧಕಿಯರು 1998ರಲ್ಲಿ ಒಂದು ಸೊಗಸಾದ ಸಂಗತಿಯನ್ನು ತೋರಿಸಿದರು. ಹುಟ್ಟಿನಿಂದಲೇ ಕಣ್ಣು ಕಾಣದ ಮಕ್ಕಳೂ ಮಾತಾಡುವಾಗ ಕೈ ಆಡಿಸುತ್ತಾರೆ, ಕೇಳುವವರಿಗೂ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದರೂ ಆಡಿಸುತ್ತಾರೆ. ಅಂದರೆ ಕೈಸನ್ನೆ ನೋಡುವವರಿಗೆಂದು ಆಮೇಲೆ ಸೇರಿಸುವ ಅಲಂಕಾರವಾಗಿರಲು ಸಾಧ್ಯವಿಲ್ಲ, ಅದು ಮಾತಿನ ಜೊತೆಗೇ ಹುಟ್ಟುತ್ತದೆ. ಹಾಗಾಗಿ ಯಾವ ಪದಕ್ಕೆ ಯಾವ ಸನ್ನೆ ಎಂದು ನಾನು ಕಲಿಸುವುದಿಲ್ಲ. ಕೈಗಳನ್ನು ಬಿಡಿಸುತ್ತೇನೆ ಅಷ್ಟೇ. ಕಿಸೆಯಿಂದ ಹೊರಗೆ ತೆಗೆಯಿರಿ, ಬೆನ್ನ ಹಿಂದೆ ಕಟ್ಟಬೇಡಿ, ಪೋಡಿಯಂನ ಅಂಚನ್ನು ಬಿಗಿಯಾಗಿ ಹಿಡಿಯಬೇಡಿ, ಪೆನ್ನು ಕೆಳಗಿಡಿ. ಸೊಂಟದ ಮಟ್ಟದಲ್ಲಿ ಸಡಿಲವಾಗಿರುವ ಕೈ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಎದ್ದ ಕೈಯನ್ನು ವಾಕ್ಯ ಮುಗಿಯುವವರೆಗೂ ಇಳಿಸಬೇಡಿ ಎಂಬುದೊಂದೇ ನನ್ನ ನಿಯಮ. ಅಂಗಿಯ ಗುಂಡಿ ತಿರುವುವುದು, ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತಾ ತೂಗುವುದು ಮಾತ್ರ ಕೇಳುಗರ ಗಮನವನ್ನು ಕದಿಯುತ್ತವೆ. ಎರಡೂ ಪಾದಗಳ ಮೇಲೆ ಸಮನಾಗಿ ನಿಂತರೆ ಎರಡನೆಯದು ಬಹುಪಾಲು ನಿಲ್ಲುತ್ತದೆ.

ವೇದಿಕೆ ಹತ್ತುವ ಮೊದಲು ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂಬ ‘ಪವರ್ ಪೋಸ್’ ಪಾಠವೂ ಬಹಳ ಹರಡಿದೆ. ಇದಕ್ಕೆ ಮೂಲವಾದ 2010ರ ಅಧ್ಯಯನವನ್ನು ಬೇರೆ ಸಂಶೋಧಕರು 200 ಜನರ ಮೇಲೆ ಮತ್ತೆ ನಡೆಸಿ 2015ರಲ್ಲಿ ಪ್ರಕಟಿಸಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ನಿಮಗೆ ಹಿತವೆನಿಸಿದರೆ ಹಾಗೆ ನಿಲ್ಲಿ, ಅದನ್ನೇ ನೆಚ್ಚಿಕೊಳ್ಳಬೇಡಿ.

ಭಯಕ್ಕೆ ನಾನು ಹೆಚ್ಚು ನೆಚ್ಚುವುದು ಬೇರೆಯೇ ಒಂದು ತಿಳಿವಳಿಕೆಯನ್ನು. ನಡುಗುವ ಕೈ, ಒಣಗಿದ ಬಾಯಿ, ಹೊಡೆದುಕೊಳ್ಳುವ ಎದೆ ಎಲ್ಲವೂ ಇಡೀ ಸಭೆಗೆ ಕಾಣುತ್ತಿದೆ ಎಂದು ಮಾತಾಡುವವರು ಭಾವಿಸುತ್ತಾರೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾಷಣಕಾರರು ತಾವು ಎಷ್ಟು ಹೆದರಿದಂತೆ ಕಾಣುತ್ತಿದ್ದೇವೆ ಎಂದುಕೊಂಡಿದ್ದರೋ ಅಷ್ಟು ನೋಡುವವರಿಗೆ ಕಂಡಿರಲಿಲ್ಲ. ಇದನ್ನು ಮೊದಲೇ ತಿಳಿಸಿ ವೇದಿಕೆಗೆ ಕಳಿಸಿದವರು ಇನ್ನೂ ಚೆನ್ನಾಗಿ ಮಾತಾಡಿದರು. ಹೆದರಿದ್ದು ಕಾಣುತ್ತದೆಂಬ ಚಿಂತೆಯೇ ಹೆದರಿಕೆಯನ್ನು ಹೆಚ್ಚಿಸುತ್ತದೆ. ಆ ಚಿಂತೆ ಇಳಿದರೆ ಅರ್ಧ ಭಾರ ಇಳಿದಂತೆ. ನಡುಕವಂತೂ ಸ್ವಲ್ಪ ಇದ್ದೇ ಇರುತ್ತದೆ, ಇರಲಿ. ಹೆದರಿದಾಗ ದೇಹ ಬಿಡುವ ಅಡ್ರಿನಲಿನ್ ಎಂಬ ಹಾರ್ಮೋನು ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅದರರ್ಥ. ಬಿಡಿ ಹಾಳೆಗಳ ಬದಲು ಗಟ್ಟಿ ಕಾರ್ಡಿನ ಮೇಲೆ ಟಿಪ್ಪಣಿ ಬರೆದುಕೊಂಡರೆ ಕೈ ನಡುಗುವುದು ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ಹೆಸರು ಕರೆದಾಗ ಎದ್ದು ನಡೆಯುತ್ತಲೇ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಹೆದರಿದವರು ಉಸಿರನ್ನು ಎಳೆದು ಎಳೆದು ತುಂಬಿಕೊಂಡಿರುತ್ತಾರೆ. ಅದು ಖಾಲಿಯಾದರೆ ಮುಂದಿನ ಉಸಿರು ತಾನಾಗಿ ಹೊಟ್ಟೆಯವರೆಗೆ ಇಳಿಯುತ್ತದೆ.

ಮೈಕ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಮೈಕ್‌ನಿಂದ ಬಾಯಿಯ ದೂರ ಎರಡು ಪಟ್ಟಾದರೆ ಅದಕ್ಕೆ ತಲುಪುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ವಾಕ್ಯದ ಕೊನೆಯಲ್ಲಿ ಪರದೆಯ ಕಡೆಗೆ ತಿರುಗಿ ಸ್ಲೈಡು ನೋಡಿದರೆ, ನಿಮ್ಮ ಕ್ರಿಯಾಪದ ಗೋಡೆಗೆ ಹೋಗುತ್ತದೆ. ಸ್ಲೈಡು ಬದಲಿಸುವಾಗ ಮಾತು ನಿಲ್ಲಿಸಿ, ಅದು ಬಂದ ಮೇಲೆ ಸಭೆಯ ಕಡೆ ತಿರುಗಿ ಮಾತಾಡಿ.

ಇಷ್ಟೆಲ್ಲ ಅಭ್ಯಾಸ ಮಾಡಿದವರೂ ಎಡವುವುದು ಪ್ರಶ್ನೋತ್ತರದಲ್ಲಿ. ಭಾಷಣ ಮುಗಿದ ನಿರಾಳದಲ್ಲಿ ದೇಹ ಸಡಿಲವಾಗಿರುತ್ತದೆ, ಪ್ರಶ್ನೆ ಬಂದ ಕೂಡಲೇ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುವಾಗುತ್ತದೆ. ಅಲ್ಲಿಯೂ ವಾಕ್ಯದ ಕೊನೆಗೆ ಕಾಯಬೇಕು, ಈ ಬಾರಿ ಇನ್ನೊಬ್ಬರ ವಾಕ್ಯದ ಕೊನೆಗೆ. ‘ಮಾಡಬಹುದಾ’ ಎಂದು ಕೇಳುತ್ತಿದ್ದಾರೋ ‘ಮಾಡಬಹುದಿತ್ತಲ್ಲ’ ಎಂದು ಆಕ್ಷೇಪಿಸುತ್ತಿದ್ದಾರೋ ಅಲ್ಲಿಯವರೆಗೆ ತಿಳಿಯುವುದಿಲ್ಲ. ಪೂರ್ತಿ ಕೇಳಿ, ಒಂದು ಉಸಿರು ತೆಗೆದುಕೊಳ್ಳಿ. ಹಿಂದಿನ ಸಾಲಿಗೂ ಕೇಳಿಸುವಂತೆ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ಉತ್ತರವನ್ನು ಕೇಳಿದವರ ಕಡೆ ನೋಡಿ ಶುರುಮಾಡಿ, ಮಧ್ಯದಲ್ಲಿ ಸಭೆಯ ಕಡೆ ತಿರುಗಿ, ಇನ್ನೊಂದು ಬದಿಯಲ್ಲಿ ಕೂತವರ ಕಡೆ ನೋಡುತ್ತಾ ಮುಗಿಸಿ. ಕೇಳಿದವರನ್ನೇ ನೋಡುತ್ತಾ ಮುಗಿಸಿದರೆ ಅದು ಇಬ್ಬರ ಸಂಭಾಷಣೆಯಾಗಿ, ಬಹಳ ಸಲ ವಾದವಾಗಿ, ಮುಂದುವರಿಯುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ’ ಎಂಬುದನ್ನೂ ತಲೆ ಎತ್ತಿ, ಅದೇ ದನಿಯಲ್ಲಿ, ಕೊನೆಯ ಅಕ್ಷರದವರೆಗೆ ಹೇಳಿ.